ಹಳೆಯ ಕಾರಿನ ಮೀಟರು ಬಿಚ್ಚುವ ಮುನ್ನ

ಗೋವೆಯ ಸಾಸಷ್ಟಿ, ಬಾರ್ದೇಸ ತಾಲೂಕುಗಳ ಒಳದಾರಿಗಳಲ್ಲಿ ಸುತ್ತಾಡಿದವರಿಗೆ ಒಂದು ನೋಟ ಪರಿಚಿತವಾದದ್ದೇ. ಹೆಂಚಿನ ದೊಡ್ಡ ಮನೆ, ಅದರ ಪಕ್ಕದಲ್ಲಿ ತೆಂಗಿನ ಸೋಗೆಯ ಅಥವಾ ತಗಡಿನ ಮಾಡು, ಮಾಡಿನ ಕೆಳಗೆ ಹಳೆಯ ಗೋಣಿತಟ್ಟನ್ನು ಹೊದ್ದು ಮಲಗಿರುವ ಒಂದು ಮೋಟಾರು ಕಾರು. ಒಳಗೆ ಬಗ್ಗಿ ನೋಡಿದರೆ ಚಾಲಕನ ಎದುರಿನ ಹಲಗೆಯಲ್ಲಿ ದುಂಡನೆಯ ಗಾಜಿನ ಮೀಟರುಗಳು. ಒಂದರ ಮುಳ್ಳು ಸೊನ್ನೆಯಲ್ಲಿ, ಇನ್ನೊಂದರದು ಯಾವುದೋ ಕಾಲದಲ್ಲಿ ನಿಂತ ಅಂಕಿಯ ಮೇಲೆ. ಅಜ್ಜನ ಕಾಲದ ಆ ವಾಹನವನ್ನು ಮತ್ತೆ ಓಡಿಸಬೇಕೆಂಬ ಆಸೆ ಮೊಮ್ಮಕ್ಕಳಲ್ಲಿ ಮೂಡಿದಾಗ ಅವರು ಮೊದಲು ಕೈಹಾಕುವುದು ಬಹುಮಟ್ಟಿಗೆ ಈ ಮೀಟರುಗಳಿಗೇ. ಕಣ್ಣಿಗೆ ಮೊದಲು ಬೀಳುವುದು ಅವೇ ಅಲ್ಲವೆ? ಎಂಜಿನ್ನಿಗೆ ಕೈಹಾಕಲು ಹೆದರುವವರು ಸಹ ನಾಲ್ಕು ತಿರುಪು ಬಿಚ್ಚಿದರೆ ಮೀಟರು ಹೊರಬರುತ್ತದೆಂದು ಧೈರ್ಯಮಾಡುತ್ತಾರೆ. ಕಾರಿಗೆ ಬೆಂಕಿ ಹತ್ತುವ ಸಂಭವವೂ, ಮತ್ತೆಲ್ಲೂ ದೊರೆಯದ ವಸ್ತುವೊಂದು ಕ್ಷಣಾರ್ಧದಲ್ಲಿ ಹಾಳಾಗುವ ಸಂಭವವೂ ಅತಿ ಹೆಚ್ಚಾಗಿರುವುದು ಈ ನಾಲ್ಕು ತಿರುಪುಗಳ ಹಿಂದೆಯೇ ಎಂಬುದು ಅನೇಕರಿಗೆ ತಿಳಿಯದು.

ಗೋವೆಯಲ್ಲಿ ಇಂಥ ಕಾರುಗಳು ಇಷ್ಟೊಂದು ಉಳಿದುಬಂದದ್ದಕ್ಕೆ ಇತಿಹಾಸದ ಕಾರಣವಿದೆ. 1961 ನೆಯ ಡಿಸೆಂಬರ 19 ರಂದು ವಿಮೋಚನೆಯಾಗುವವರೆಗೆ ಗೋವೆ ಪೋರ್ತುಗೀಜರ ಕೈಯಲ್ಲಿತ್ತು. ಈಚೆ ನಮ್ಮ ದೇಶದಲ್ಲಿ ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿದ್ದು, ಕಾರು ಕೊಳ್ಳುವವನಿಗೆ ಅಂಬಾಸಿಡರ್, ಫಿಯಾಟ್, ಸ್ಟ್ಯಾಂಡರ್ಡ್ ಎಂಬ ಎರಡು ಮೂರು ಹೆಸರುಗಳ ಹೊರತು ಆಯ್ಕೆಯೇ ಇರಲಿಲ್ಲ. ಆಚೆ, ಕ್ಯಾಸಲ್‌ರಾಕ್ ದಾಟಿ ಘಟ್ಟವಿಳಿದರೆ, ಕಬ್ಬಿಣದ ಅದಿರಿನ ರಫ್ತಿನಿಂದ ಕೈಯಲ್ಲಿ ಹಣವಾಡುತ್ತಿದ್ದ 1950 ರ ದಶಕದಲ್ಲಿ, ಜರ್ಮನಿಯ ಮರ್ಸಿಡಿಸ್, ಓಪೆಲ್, ಫೋಕ್ಸ್‌ವ್ಯಾಗನ್‌ಗಳೂ ಇಂಗ್ಲೆಂಡಿನ ಮಾರಿಸ್, ಆಸ್ಟಿನ್‌ಗಳೂ ಮುರಗಾಂವ ಬಂದರಿನಲ್ಲಿ ಬಂದಿಳಿಯುತ್ತಿದ್ದವು. ಮರ್ಸಿಡಿಸ್ ಕಾರು ಬಾಡಿಗೆಗೆ ಓಡುವುದನ್ನು ಗೋವೆಯಲ್ಲಿ ಕಂಡು ಬೆರಗಾಗಿ ಬಂದ ನಮ್ಮ ಹಿರಿಯರು ಅದನ್ನು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಇನ್ನೊಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡಬಹುದು. ಪೋರ್ತುಗಾಲ್ ದೇಶ 1928 ರಲ್ಲಿ ರಸ್ತೆಯ ಬಲಬದಿಯ ಸಂಚಾರಕ್ಕೆ ಬದಲಾಯಿತು. ಆದರೆ ಸುತ್ತಲೂ ಎಡಬದಿಯ ಸಂಚಾರವಿದ್ದ ಗೋವೆ, ಮೊಜಾಂಬಿಕ್, ಮಕಾವುಗಳಲ್ಲಿ ಹಳೆಯ ಪದ್ಧತಿಯೇ ಉಳಿಯಿತು. ಹೀಗಾಗಿ ವಿಮೋಚನೆಯ ಮರುದಿನವೂ ಆ ಕಾರುಗಳು ಕಾರವಾರ, ಬೆಳಗಾವಿಗಳ ರಸ್ತೆಯಲ್ಲಿ ನಿರಾತಂಕವಾಗಿ ಓಡಬಲ್ಲವಾಗಿದ್ದವು. ಜಿ. ಡಿ. ಅಕ್ಷರಗಳ ಫಲಕ ಹೊತ್ತ ಅಂಥ ಎಷ್ಟೋ ಕಾರುಗಳು ಕೈಯಿಂದ ಕೈಗೆ ಮಾರಾಟವಾಗಿ ಘಟ್ಟದ ಮೇಲೂ ಬಂದಿವೆ. ಗೋವೆಯಲ್ಲಿ ನೆಲೆಸಿದ ಕನ್ನಡ ಮನೆತನಗಳಲ್ಲಿ ಕೆಲವು ಅವನ್ನು ಕೊಂಡು ಇಂದಿಗೂ ಕಾಪಾಡಿಕೊಂಡಿವೆ. ಮಡಗಾಂವಿಯ ಹತ್ತಿರದ ನುವೆಂನ ಅಶ್ವೇಕ್ ಸಂಗ್ರಹವು ಹಳೆಯ ವಾಹನಗಳ ವಿಷಯದಲ್ಲಿ ಹೆಸರು ಪಡೆದದ್ದು. ಆದರೆ ಸಂಗ್ರಹಾಲಯಕ್ಕೆ ಸೇರದೆ ಮನೆಮನೆಯ ಮಾಡಿನಡಿ ಉಳಿದಿರುವ ಕಾರುಗಳ ಮಾತೇ ನಮಗಿಲ್ಲಿ ಮುಖ್ಯ.

ಅವುಗಳ ವೈರಿ ಮಳೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರಿನಷ್ಟು ಸುರಿಯುವ ಮಳೆ, ಅದರ ಜೊತೆಗೆ ಕಡಲಿನ ಉಪ್ಪುಗಾಳಿ. ತಾಮ್ರದ ತಂತಿಯ ತುದಿಗಳಲ್ಲಿ ಹಸಿರು ಕಿಲುಬು ಕೂಡುತ್ತದೆ. ಆ ಕಾಲದ ತಂತಿಗಳಿಗೆ ಹೊದಿಸುತ್ತಿದ್ದ ರಬ್ಬರು ಮತ್ತು ನೂಲಿನ ಹೊದಿಕೆ ಒಣಗಿ, ಮುಟ್ಟಿದರೆ ಪುಡಿಯಾಗುವಂತಾಗುತ್ತದೆ. ಮೀಟರಿನ ಹಿಂದೆ ಹತ್ತಿಪ್ಪತ್ತು ತಂತಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಐವತ್ತು ವರ್ಷ ಅಲುಗದೆ ಇದ್ದ ಆ ಕಟ್ಟನ್ನು ನಾವು ಒಮ್ಮೆ ಮುಂದಕ್ಕೆ ಎಳೆದೆವೆಂದರೆ ಹೊದಿಕೆ ಬಿರಿದು ಬರಿಯ ತಾಮ್ರ ಒಂದಕ್ಕೊಂದು ತಾಗುತ್ತದೆ. ಬ್ಯಾಟರಿ ಜೋಡಣೆಯಲ್ಲಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದುದರಿಂದ ಈ ಕೆಲಸವನ್ನು ಮಳೆಗಾಲದಲ್ಲಿ ಹಚ್ಚಿಕೊಳ್ಳದೆ ಡಿಸೆಂಬರದಿಂದ ಫೆಬ್ರುವರಿಯವರೆಗಿನ ಒಣಹವೆಯಲ್ಲಿ, ಹಗಲು ಬೆಳಕಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಮಾಡುವುದು ಒಳಿತು.

ಬಿಚ್ಚಲೇಬೇಕೆ?

ಮಡಗಾಂವಿಯ ಹೊರವಲಯದ ಒಂದು ಗ್ಯಾರೇಜಿನಲ್ಲಿ ಗದಗಿನ ಕಡೆಯಿಂದ ಬಂದು ಮೂವತ್ತು ವರ್ಷ ವಿದ್ಯುತ್ ಕೆಲಸ ಮಾಡಿದ ಮೇಸ್ತ್ರಿಯೊಬ್ಬರನ್ನು ನಾವು ಈ ಕುರಿತು ಮಾತನಾಡಿಸಿದೆವು. ಅವರ ಮೊದಲನೆಯ ಮಾತೇ ನಮಗೆ ಹಿಡಿಸಿತು. “ಸಾಹೇಬ್ರ, ಹತ್ತು ಮಂದಿ ಮೀಟರ್ ಕೆಟ್ಟೈತಿ ಅಂತ ಬರ್ತಾರ್ರಿ. ಅದ್ರಾಗ ಏಳು ಮಂದೀದು ಮೀಟರ್ ಕೆಟ್ಟಿರೂದಿಲ್ಲ. ಕೇಬಲ್ ಕೆಟ್ಟಿರ್ತೈತಿ, ಇಲ್ಲಾ ಟ್ಯಾಂಕಿನ ತೇಲು ಕೆಟ್ಟಿರ್ತೈತಿ, ಇಲ್ಲಾ ಅರ್ತಿಂಗ್ ಹೋಗಿರ್ತೈತಿ. ಸುಮ್ಮನ ಮೀಟರ್ ಬಿಚ್ಚಿ ಯಾಕ ಕೆಡಸ್ಕೋತೀರಿ?”

ಅವರ ಲೆಕ್ಕವನ್ನು ಅಂಕಿ ಅಂಕಿಯಾಗಿ ನಂಬಬೇಕಿಲ್ಲ; ಅದರ ಹಿಂದಿರುವ ತರ್ಕ ಸರಿಯಾದದ್ದು. ವೇಗದ ಮುಳ್ಳು ನಡುಗುತ್ತಿದ್ದರೆ ಸಾಮಾನ್ಯವಾಗಿ ಅದು ಮೀಟರಿನ ದೋಷವಲ್ಲ; ಒಣಗಿದ ಅಥವಾ ಎಲ್ಲೋ ತೀರ ಬಾಗಿದ ಕೇಬಲಿನದು. ಪೆಟ್ರೋಲಿನ ಮುಳ್ಳು ಮೇಲೇಳದಿದ್ದರೆ ಟ್ಯಾಂಕಿನೊಳಗಿನ ತೇಲುವ ಗುಂಡನ್ನೂ ಅದರ ತಂತಿಯನ್ನೂ ಮೊದಲು ಸಂದೇಹಿಸಬೇಕು. 1960 ರ ದಶಕದಿಂದೀಚಿನ ಹಲವು ಇಂಗ್ಲಿಷ್ ಕಾರುಗಳಲ್ಲಿ ಪೆಟ್ರೋಲು ಮತ್ತು ಶಾಖದ ಮೀಟರುಗಳೆರಡಕ್ಕೂ ಸರಿಸುಮಾರು 10 ವೋಲ್ಟಿನ ವಿದ್ಯುತ್ತನ್ನು ಅಳೆದು ಕೊಡುವ ಚಿಕ್ಕ ಡಬ್ಬಿಯೊಂದು ಇರುತ್ತದೆ. ಎರಡು ಮುಳ್ಳುಗಳೂ ಒಟ್ಟಿಗೆ ಹೆಚ್ಚು ತೋರಿಸತೊಡಗಿದರೆ, ಅಥವಾ ಒಟ್ಟಿಗೆ ಸತ್ತರೆ, ಎರಡು ಮೀಟರುಗಳು ಒಂದೇ ದಿನ ಕೆಟ್ಟವೆಂದು ತಿಳಿಯುವುದಕ್ಕಿಂತ ಈ ಡಬ್ಬಿಯಾಗಲಿ ಅದರ ಅರ್ತಿಂಗ್ ಆಗಲಿ ಕೆಟ್ಟಿತೆಂದು ತಿಳಿಯುವುದು ವಿವೇಕ. ಇವಿಷ್ಟನ್ನೂ ನೋಡಿದ ಬಳಿಕವೂ ಗಾಜಿನೊಳಗೆ ಹಬೆ, ತುಕ್ಕು, ಸುಟ್ಟ ಬಲ್ಬು, ಹಲಗೆಗೆ ಬಣ್ಣ ಬಳಿಯುವ ಅಥವಾ ತಂತಿಗಳನ್ನೆಲ್ಲ ಬದಲಿಸುವ ಅಗತ್ಯ, ಇಂಥ ಕಾರಣವಿದ್ದರೆ ಮಾತ್ರ ಬಿಚ್ಚಬೇಕು.

ಬ್ಯಾಟರಿ ಮೊದಲು, ಅದರಲ್ಲೂ ಯಾವ ತುದಿ?

ಕೆಲಸಕ್ಕೆ ಕೂರುವ ಮುನ್ನ ಉಂಗುರ, ಕಡಗ, ಲೋಹದ ಪಟ್ಟಿಯ ಕೈಗಡಿಯಾರ ತೆಗೆದಿಡಬೇಕು. 12 ವೋಲ್ಟಿನಿಂದ ಮನುಷ್ಯನಿಗೆ ವಿದ್ಯುದಾಘಾತವಾಗುವುದಿಲ್ಲವೆಂಬುದು ನಿಜ. ಆದರೆ ಪಾನಾ ಹಿಡಿದ ಕೈಯ ಉಂಗುರವು ಬ್ಯಾಟರಿಯ ಎರಡು ಧ್ರುವಗಳ ನಡುವೆ ಸೇತುವೆಯಾದರೆ ಅದು ಕೆಂಪಗೆ ಕಾಯಲು ಒಂದೆರಡು ಕ್ಷಣ ಸಾಕು. ಕಾದ ಉಂಗುರವನ್ನು ಬೆರಳಿನಿಂದ ಕೀಳಲಾಗುವುದಿಲ್ಲ.

ಬ್ಯಾಟರಿಯ ಎರಡು ತುದಿಗಳಲ್ಲಿ ಕಾರಿನ ಒಡಲಿಗೆ ಜೋಡಿಸಿದ ತುದಿಯನ್ನು, ಎಂದರೆ ಅರ್ತಿಂಗ್ ತುದಿಯನ್ನು, ಮೊದಲು ಕಳಚಬೇಕು. ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು. ಏಕೆಂದರೆ ಇನ್ನೊಂದು ತುದಿಯನ್ನು ಮೊದಲು ಬಿಚ್ಚಲು ಹೋದಾಗ ಪಾನಾದ ಹಿಡಿ ಕಾರಿನ ತಗಡಿಗೆ ತಾಗಿದರೆ ಬ್ಯಾಟರಿಯ ಬಲವೆಲ್ಲ ಪಾನಾದ ಮೂಲಕ ಹರಿದು ಕಿಡಿ ಹಾರುತ್ತದೆ. ಇಂದಿನ ಕಾರುಗಳಲ್ಲೆಲ್ಲ ಒಡಲಿಗೆ ಜೋಡಿಸುವುದು ಋಣಧ್ರುವವನ್ನು. ಆದರೆ 1950 ರ ದಶಕದ ಹೆಚ್ಚಿನ ಇಂಗ್ಲಿಷ್ ಕಾರುಗಳಲ್ಲಿ ಇದು ತಲೆಕೆಳಗು: ಧನಧ್ರುವವೇ ಒಡಲಿಗೆ. ‘ಮೈನಸ್ ಮೊದಲು ಬಿಚ್ಚು’ ಎಂದು ಬಾಯಿಪಾಠ ಮಾಡಿಕೊಂಡ ಇಂದಿನ ಹುಡುಗ ಅಂಥ ಮಾರಿಸ್ ಕಾರಿನ ಮುಂದೆ ನಿಂತರೆ ಅವನ ಪಾಠವೇ ಅವನಿಗೆ ಶತ್ರುವಾಗುತ್ತದೆ. ಚಿಹ್ನೆಯನ್ನು ನೋಡದೆ, ದಪ್ಪ ಪಟ್ಟಿಯೊಂದು ಬ್ಯಾಟರಿಯಿಂದ ಹೊರಟು ಕಾರಿನ ಒಡಲಿಗೆ ಎಲ್ಲಿ ಬೋಲ್ಟಾಗಿದೆಯೆಂಬುದನ್ನು ಕಣ್ಣಿನಿಂದ ಹಿಂಬಾಲಿಸಿ ನಿರ್ಧರಿಸಬೇಕು.

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಬ್ಯಾಟರಿಯನ್ನು ಹುಡುಕಿ ಬಾನೆಟ್ ಎತ್ತುವವರು ಉಂಟು. ಅದು ಇರುವುದು ಹಿಂಬದಿಯ ಆಸನದ ಅಡಿಯಲ್ಲಿ. ಆಸನದ ಸ್ಪ್ರಿಂಗುಗಳು ತುಕ್ಕು ಹಿಡಿದು ಜೋತುಬಿದ್ದಾಗ, ಬ್ಯಾಟರಿಯ ಮೇಲಿನ ಮುಚ್ಚಳ ಕಳೆದುಹೋಗಿದ್ದಾಗ, ಭಾರವಾದ ಆಳೊಬ್ಬ ಹಿಂದೆ ಕುಳಿತನೆಂದರೆ ಸ್ಪ್ರಿಂಗು ಧ್ರುವಗಳಿಗೆ ತಾಗಿ ಆಸನದ ನಾರು ಹೊತ್ತಿಕೊಂಡ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. 1960 ರ ದಶಕದ ನಡುವಿನವರೆಗೆ ಬೀಟಲ್‌ಗಳಲ್ಲಿ 6 ವೋಲ್ಟಿನ ಬ್ಯಾಟರಿ ಇರುತ್ತಿತ್ತು. ವೋಲ್ಟು ಅರ್ಧವಾದ್ದರಿಂದ ಅಪಾಯವೂ ಅರ್ಧವೆಂದು ತಿಳಿಯಲಾಗದು. 36 ವಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕಾದರೆ 6 ವೋಲ್ಟಿನಲ್ಲಿ 6 ಆಂಪಿಯರ್ ಬೇಕು. ತಂತಿ ಕಾಯುವುದು ಈ ಹರಿವಿನಿಂದಲೇ. ಹೊಸ ಬಲ್ಬು ತರುವಾಗಲೂ ಈ ಭೇದ ನೆನಪಿರಬೇಕು.

ಯುದ್ಧಕಾಲದ ವಿಲ್ಲೀಸ್ ಜೀಪುಗಳಲ್ಲಿ, ಇನ್ನೂ ಹಲವು ಹಳೆಯ ವಾಹನಗಳಲ್ಲಿ, ಆ್ಯಮೀಟರ್ ಎಂಬ ಮೀಟರೊಂದಿದೆ. ಉಳಿದವುಗಳ ಹಿಂದೆ ಬರುವ ತಂತಿ ಸಣ್ಣದು. ಇದರ ಹಿಂದೆ ಬರುವುದು ದಪ್ಪನೆಯದು. ಎಂಜಿನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟಾರೊಂದನ್ನು ಬಿಟ್ಟು ವಾಹನದ ವಿದ್ಯುತ್ತೆಲ್ಲ ಇದರ ಹೊಟ್ಟೆಯನ್ನು ಹಾಯ್ದೇ ಹೋಗಬೇಕು. ಬಹುಸಲ ನಡುವೆ ಫ್ಯೂಸ್ ಸಹ ಇರುವುದಿಲ್ಲ. ಕೀಲಿಕೈ ತೆಗೆದಿದ್ದರೂ ಅದರ ತುದಿಗಳು ಜೀವಂತ. ‘ಕೀ ತೆಗೆದಿದ್ದೇವಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು.

ಕಂದು ಬಣ್ಣದ ಎರಡು ಅರ್ಥ

ಈಗ ತಂತಿಗಳ ಮಾತು. ಹಿಂದೆ ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಿದ್ದರು. ಈಗ ಕೈಯಲ್ಲಿ ಮೊಬೈಲ್ ಇರುವುದರಿಂದ ನಾಲ್ಕು ದಿಕ್ಕಿನಿಂದ ಚಿತ್ರ ತೆಗೆಯುವುದು ಸುಲಭ. ಆದರೆ ಚಿತ್ರವೊಂದನ್ನೇ ನಂಬಬಾರದು. ಐವತ್ತು ವರ್ಷಗಳ ಧೂಳಿನಲ್ಲಿ ಕೆಂಪು, ಕಂದು, ನೇರಳೆಗಳೆಲ್ಲ ಒಂದೇ ಮಾಸಲು ಬಣ್ಣಕ್ಕೆ ಬಂದಿರುತ್ತವೆ. ಪ್ರತಿಯೊಂದು ತಂತಿಗೂ ಅಂಟುಕಾಗದ ಸುತ್ತಿ, ಅದು ಯಾವ ಮೀಟರಿನ ಯಾವ ತುದಿಯದೆಂದು ಬರೆದು, ಬರೆದ ಮೇಲೆಯೇ ಕಳಚಬೇಕು. ಕಳಚುವಾಗ ತಂತಿ ಹಿಡಿದು ಎಳೆಯದೆ ಲೋಹದ ತುದಿಯನ್ನೇ ಹಿಡಿಯಬೇಕು. ಬಲ್ಬಿನ ಹಿಡಿಕೆಗಳು ಹಲವು ಕಾರುಗಳಲ್ಲಿ ಬರಿದೆ ಒತ್ತಿ ಕೂಡಿಸಿದವು. ಮೆಲ್ಲಗೆ ಅಲುಗಿಸಿ ಹೊರತೆಗೆದರೆ ಸಾಕು.

ಬಣ್ಣಗಳಲ್ಲಿ ಒಂದು ಸಂಗತಿ ಎಲ್ಲಕ್ಕಿಂತ ಮುಖ್ಯ. ಲ್ಯೂಕಾಸ್ ಕಂಪನಿಯ ವಿದ್ಯುತ್ ಸಾಮಗ್ರಿ ಇರುವ ಇಂಗ್ಲಿಷ್ ಕಾರುಗಳಲ್ಲಿ ಕಂದು ತಂತಿ ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಇಲ್ಲದೆ, ಸದಾ ಜೀವಂತವಾಗಿ ಬರುವಂಥದು. ಬಿಳಿಯದು ಕೀಲಿಕೈ ತಿರುಗಿಸಿದಾಗ ಜೀವ ಪಡೆಯುವುದು, ಹಸಿರು ಅದರಿಂದಲೇ ಫ್ಯೂಸ್ ಹಾಯ್ದು ಬಂದದ್ದು, ಕೆಂಪು ಬದಿಯ ದೀಪ ಹಾಗೂ ಮೀಟರಿನ ದೀಪಗಳದು, ಕಪ್ಪು ಅರ್ತಿಂಗ್. ಆದರೆ ಜರ್ಮನ್ ಪದ್ಧತಿಯಲ್ಲಿ, ಎಂದರೆ ಮರ್ಸಿಡಿಸ್, ಫೋಕ್ಸ್‌ವ್ಯಾಗನ್‌ಗಳಲ್ಲಿ, ಅರ್ತಿಂಗ್ ತಂತಿಯ ಬಣ್ಣವೇ ಕಂದು! ಒಂದು ದೇಶದಲ್ಲಿ ಅತ್ಯಂತ ಅಪಾಯದ ತಂತಿಗೆ ಕೊಟ್ಟ ಬಣ್ಣವನ್ನು ಇನ್ನೊಂದು ದೇಶ ಅತ್ಯಂತ ನಿರುಪದ್ರವಿಯಾದ ತಂತಿಗೆ ಕೊಟ್ಟಿದೆ. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಆದ್ದರಿಂದ ನಮ್ಮ ಕಡೆಯ ಮೇಸ್ತ್ರಿಗಳ ಕೈ ಪಳಗಿದ್ದು ಇಂಗ್ಲಿಷ್ ಬಣ್ಣಗಳಲ್ಲಿ. ಅದೇ ಕೈ ಗೋವೆಯ ಜರ್ಮನ್ ಕಾರಿನ ಒಳಗೆ ಹೋದಾಗ ನೆನಪನ್ನು ಹೊರಗೆ ಬಿಟ್ಟು ಹೋಗಬೇಕು. ಜರ್ಮನರು ಬಣ್ಣದ ಜೊತೆಗೆ ಅಂಕಿಗಳನ್ನೂ ಕೊಟ್ಟಿದ್ದಾರೆ: 30 ಎಂದರೆ ಬ್ಯಾಟರಿಯಿಂದ ಸದಾ ಜೀವಂತ, 15 ಎಂದರೆ ಕೀಲಿಕೈ ತಿರುಗಿಸಿದ ಮೇಲೆ, 31 ಎಂದರೆ ಅರ್ತಿಂಗ್. ತುದಿಗಳ ಬಳಿ ಈ ಅಂಕಿಗಳು ಕೆತ್ತಿರುವುದು ಕಂಡರೆ ಬಣ್ಣಕ್ಕಿಂತ ಅವನ್ನೇ ನಂಬಬಹುದು. ಹಿಂದಿನ ಯಾರೋ ದುರಸ್ತಿಗಾರರು ಕೈಗೆ ಸಿಕ್ಕ ತಂತಿ ಹಾಕಿರುವ ಸಾಧ್ಯತೆಯಂತೂ ಯಾವ ದೇಶದ ಕಾರಿಗೂ ತಪ್ಪಿದ್ದಲ್ಲ.

ಕತ್ತರಿಸಬಾರದ ನಳಿಗೆ

ಮೀಟರುಗಳೆಲ್ಲ ವಿದ್ಯುತ್ತಿನಿಂದ ನಡೆಯುತ್ತವೆಂಬ ಭಾವನೆಯಿಂದ ಆಗುವಷ್ಟು ಹಾನಿ ಬೇರೆ ಯಾವುದರಿಂದಲೂ ಆಗಲಾರದು. ನಮ್ಮ ಪರಿಚಯದ ಮನೆತನವೊಂದರಲ್ಲಿ ತಂದೆಯ ಕಾಲದ ಜರ್ಮನ್ ಕಾರನ್ನು ಬಣ್ಣಕ್ಕೆ ಕೊಟ್ಟಿದ್ದರು. ಹಲಗೆ ಬಿಚ್ಚಿದ ಕೆಲಸಗಾರ ಶಾಖದ ಮೀಟರಿನ ಹಿಂದಿನಿಂದ ಎಂಜಿನ್ನಿನ ಕಡೆಗೆ ಹೋಗುತ್ತಿದ್ದ ಸಣ್ಣ ತಾಮ್ರದ ‘ತಂತಿ’ಯನ್ನು, ಆಮೇಲೆ ಜೋಡಿಸಿದರಾಯಿತೆಂದು, ಇಕ್ಕಳದಿಂದ ಕತ್ತರಿಸಿಬಿಟ್ಟ. ಅದು ತಂತಿಯಲ್ಲ, ಕೂದಲಿನಂಥ ರಂಧ್ರವುಳ್ಳ ನಳಿಗೆ. ಅದರ ಒಂದು ತುದಿಯ ಬುರುಡೆಯಲ್ಲಿ ಈಥರಿನಂಥ ಬೇಗ ಆವಿಯಾಗುವ ದ್ರವವನ್ನು ತುಂಬಿ, ಬುರುಡೆ, ನಳಿಗೆ, ಮೀಟರು ಮೂರನ್ನೂ ಕಾರ್ಖಾನೆಯಲ್ಲಿಯೇ ಒಂದಾಗಿ ಬೆಸೆದು ಮುಚ್ಚಿರುತ್ತಾರೆ. ಎಂಜಿನ್ನಿನ ನೀರು ಕಾದಂತೆ ದ್ರವ ಆವಿಯಾಗಿ ಒತ್ತಡ ಏರುತ್ತದೆ. ಆ ಒತ್ತಡ ಮೀಟರಿನೊಳಗಿನ ಬಾಗಿದ ಕೊಳವೆಯನ್ನು ನೆಟ್ಟಗಾಗಿಸಲು ಯತ್ನಿಸಿದಾಗ ಮುಳ್ಳು ಚಲಿಸುತ್ತದೆ. ಈ ಬಾಗಿದ ಕೊಳವೆಯ ತಂತ್ರ 1849 ರಲ್ಲಿ ಫ್ರಾನ್ಸಿನ ಬೂರ್ಡನ್ ಎಂಬ ಯಂತ್ರಶಿಲ್ಪಿ ಕಂಡುಹಿಡಿದದ್ದು. ರೈಲಿನ ಉಗಿಯಂತ್ರಗಳ ಒತ್ತಡವನ್ನು ಅಳೆಯಲೂ ಅದೇ ಬಳಕೆಗೆ ಬಂತು. ನಳಿಗೆ ಕತ್ತರಿಸಿದೊಡನೆ ಈಥರು ಹಾರಿಹೋಗುತ್ತದೆ, ಮೀಟರು ಅಲ್ಲಿಗೆ ಮುಗಿಯಿತು. ಆ ಮನೆಯವರು ಅದೇ ಮಾದರಿಯ ಇನ್ನೊಂದಕ್ಕಾಗಿ ಪುಣೆ, ಮುಂಬಯಿಗಳ ಹಳೆಯ ಸಾಮಾನಿನ ಪೇಟೆಗಳನ್ನು ಎರಡು ವರ್ಷ ಸುತ್ತಿದರು. ಈಗ ಆ ಜಾಗದಲ್ಲಿ ಬೇರೊಂದು ಮೀಟರಿದೆ. ಗಾತ್ರ ಹೊಂದಿದೆ, ಅಕ್ಷರದ ಅಂದ ಹೊಂದಿಲ್ಲ.

ಸರಿಯಾದ ಕ್ರಮ ಹೀಗೆ: ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ನೀರನ್ನು ಸ್ವಲ್ಪ ಇಳಿಸಿ, ಎಂಜಿನ್ನಿನ ತಲೆಯಲ್ಲಿ ಕೂತಿರುವ ಬುರುಡೆಯ ನಟ್ಟನ್ನು ಮಾತ್ರ ತಿರುಗಿಸಿ ಬುರುಡೆಯನ್ನು ಹೊರತೆಗೆಯಬೇಕು. ನಟ್ಟಿನ ಜೊತೆ ನಳಿಗೆಯೂ ತಿರುಗಿದರೆ ಕುತ್ತಿಗೆಯಲ್ಲಿ ಮುರಿಯುತ್ತದೆ. ನಟ್ಟು ಕಚ್ಚಿಕೊಂಡಿದ್ದರೆ ತುಕ್ಕುಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು, ಬೇಕಾದರೆ ಎರಡು ರಾತ್ರಿ. ಆಮೇಲೆ ಎಂಜಿನ್ನಿಗೂ ಕುಳಿತುಕೊಳ್ಳುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ ರಬ್ಬರು ಬಳೆಯನ್ನು ಬಿಡಿಸಿ, ಬುರುಡೆಯನ್ನು ಅದರೊಳಗಿಂದ ನುಸುಳಿಸಿ, ನಳಿಗೆಯನ್ನು ತಟ್ಟೆಯಗಲದ ಸುರುಳಿಯಾಗಿ ಸುತ್ತಿ, ಮೀಟರಿನೊಂದಿಗೇ ಹೊರತರಬೇಕು. ಎಲ್ಲಿಯೂ ಮಡಿಕೆ ಬೀಳಬಾರದು.

ಎಣ್ಣೆಯ ಒತ್ತಡದ ಮೀಟರಿನ ಕತೆ ಬೇರೆ. ಜೀಪಿನಲ್ಲಿಯೂ, ಮರ್ಸಿಡಿಸ್‌ನ ಅನೇಕ ಹಳೆಯ ಮಾದರಿಗಳಲ್ಲಿಯೂ, ಎಂಜಿನ್ನಿನ ಎಣ್ಣೆಯೇ ಒಂದು ನಳಿಗೆಯ ಮೂಲಕ ಚಾಲಕನ ಎದುರಿನ ಮೀಟರಿನವರೆಗೆ ಬರುತ್ತದೆ. ಈ ನಳಿಗೆಯನ್ನು ಮೀಟರಿನಿಂದ ಬಿಡಿಸಬಹುದು, ಬಿಡಿಸಲೇಬೇಕು. ಆದರೆ ಅಡಿಯಲ್ಲಿ ಬಟ್ಟೆ ಹಿಡಿದು. ಕೀಲಿನಲ್ಲಿ ಒಂದು ಚಿಕ್ಕ ಬಿಲ್ಲೆ ಇರುತ್ತದೆ. ಇಂಗ್ಲಿಷ್ ಕಾರುಗಳಲ್ಲಿ ಬಹುಮಟ್ಟಿಗೆ ತೊಗಲಿನದು. ಅದು ಜಾರಿ ಬಿದ್ದು ಕಳೆಯುವುದೇ ಹೆಚ್ಚು. ಬಿಲ್ಲೆಯಿಲ್ಲದೆ ಕೂಡಿಸಿದರೆ ಎಣ್ಣೆ ಕಾಲಡಿಯ ಜಮಖಾನಕ್ಕೆ ಸುರಿಯುತ್ತದೆ. ಜಮಖಾನ ಹೋದರೆ ಹೋಗಲಿ. ಎಣ್ಣೆಯೆಲ್ಲ ಹೊರಬಂದದ್ದು ತಿಳಿಯದೆ ಅನಮೋಡ ಘಟ್ಟ ಹತ್ತಿದರೆ ಎಂಜಿನ್ನೇ ಕಚ್ಚಿಕೊಳ್ಳುತ್ತದೆ. ಹಳೆಯ ತಾಮ್ರ ಕಂಪನದಿಂದ ಗಡುಸಾಗಿ ಬಿರಿಯುವ ಸ್ವಭಾವದ್ದು. ಅದನ್ನು ಬೇಕಾದಂತೆ ಬಾಗಿಸಕೂಡದು.

1970 ರ ದಶಕದ ಕೊನೆಯ ಮತ್ತು ನಂತರದ ಮರ್ಸಿಡಿಸ್‌ಗಳಲ್ಲಿ ಮೀಟರುಗಳ ಇಡೀ ಗುಚ್ಛಕ್ಕೆ ತಿರುಪೇ ಇಲ್ಲ, ಅಂಚಿನ ರಬ್ಬರಿನ ಬಿಗಿತದಿಂದಲೇ ನಿಂತಿರುತ್ತದೆ. ತೆಳುವಾದ ಎರಡು ಕೊಕ್ಕೆಗಳನ್ನು ಇಕ್ಕೆಲದಲ್ಲಿ ತೂರಿಸಿ ಸ್ವಲ್ಪ ಸ್ವಲ್ಪವೇ ಎಳೆಯುತ್ತಾರೆ. ಸ್ಕ್ರೂಡ್ರೈವರಿನಿಂದ ಮೀಟಿದವರ ಕಾರುಗಳಲ್ಲಿ ಹಲಗೆಯ ಅಂಚು ಹರಿದಿರುವುದನ್ನು ಈಗಲೂ ಕಾಣಬಹುದು.

ವೇಗದ ಮೀಟರು

ಇದರ ಮೂಲ ತತ್ತ್ವಕ್ಕೆ 1902 ರಲ್ಲಿ ಜರ್ಮನಿಯ ಓಟ್ಟೊ ಶುಲ್ಟ್ಸೆ ಪೇಟೆಂಟು ಪಡೆದನು. ಕೇಬಲಿನ ತುದಿಯಲ್ಲಿ ತಿರುಗುವ ಅಯಸ್ಕಾಂತ, ಅದನ್ನು ಮುಟ್ಟದೆ ಸುತ್ತುವರಿದ ಅಲ್ಯೂಮಿನಿಯಮ್ಮಿನ ಬಟ್ಟಲು, ಬಟ್ಟಲಿಗೆ ಮುಳ್ಳು, ಅದನ್ನು ತಡೆದು ಹಿಡಿಯುವ ಗಡಿಯಾರದಂಥ ಸಣ್ಣ ಸ್ಪ್ರಿಂಗು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿಪ್ರವಾಹ ಹುಟ್ಟಿ ಅದು ಜೊತೆಯಲ್ಲಿ ತಿರುಗಬಯಸುತ್ತದೆ, ಸ್ಪ್ರಿಂಗು ಬಿಡದು. ಇಬ್ಬರ ಜಗ್ಗಾಟ ನಿಂತ ಸ್ಥಳವೇ ವೇಗ. ಬ್ಯಾಟರಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದುದರಿಂದಲೇ ಅರವತ್ತು ವರ್ಷದ ಮೀಟರು ಇಂದಿಗೂ ನಡೆಯಬಲ್ಲದು. ಇದನ್ನು ಹೊರತೆಗೆದ ಮೇಲೆ ಧ್ವನಿವರ್ಧಕದ ಹತ್ತಿರವಾಗಲಿ ಬೇರೆ ಬಲವಾದ ಅಯಸ್ಕಾಂತದ ಹತ್ತಿರವಾಗಲಿ ಇಡಕೂಡದು. ಮುಳ್ಳನ್ನು ಕೀಳುವ ಸಾಹಸವಂತೂ ಮನೆಯಲ್ಲಿ ಬೇಡವೇ ಬೇಡ.

ಕೇಬಲು ಮೀಟರಿಗೆ ಗೀರುಗೀರಾದ ಬಳೆನಟ್ಟಿನಿಂದ ಕೂಡಿರುತ್ತದೆ. ಬೆರಳಿನಲ್ಲಿ ಬಿಚ್ಚುವಂಥದು, ಇಕ್ಕಳ ಹಾಕಿದರೆ ತೆಳುವಾದ ಬಳೆ ಒಳಕ್ಕೆ ತಗ್ಗುತ್ತದೆ. ಕೈ ಹೋಗದಿದ್ದರೆ ಎಂಜಿನ್ನಿನ ಕಡೆಯಿಂದ ಕೇಬಲನ್ನು ಸಡಿಲಿಸಿ ಕೊಂಚ ಮುಂದಕ್ಕೆ ತಳ್ಳಿಕೊಳ್ಳಬೇಕು. ಬೀಟಲ್ ಕಾರಿನ ಕೇಬಲು ಎಂಜಿನ್ನಿನ ಕಡೆಗೆ ಹೋಗುವುದೇ ಇಲ್ಲ. ಅದು ಬರುವುದು ಮುಂದಿನ ಎಡಗಾಲಿಯ ನಡುವಿನ ಮುಚ್ಚಳದಿಂದ. ಆ ಮುಚ್ಚಳದ ಚೌಕ ರಂಧ್ರದಲ್ಲಿ ಸಿಕ್ಕಿಸಿದ ಚಿಕ್ಕ ಪಿನ್ನು ತೆಗೆದರೆ ಕೇಬಲು ಸ್ವತಂತ್ರ. ಮುಂದಿನ ಬಾನೆಟ್ ಎತ್ತಿ ಒಳಗಿನ ರಟ್ಟನ್ನು ಸರಿಸಿದರೆ ಮೀಟರಿನ ಬೆನ್ನು ಎದುರಿಗೇ ಕಾಣುತ್ತದೆ, ಎರಡೇ ತಿರುಪು. ಈ ಕಾರಿನಲ್ಲಿ 1961 ರವರೆಗೆ ಪೆಟ್ರೋಲಿನ ಮೀಟರೇ ಇರಲಿಲ್ಲ. ಪೆಟ್ರೋಲು ಮುಗಿದಾಗ ಕಾಲಿನಿಂದ ಒಂದು ತಿರುಗಣಿಯನ್ನು ತಿರುಗಿಸಿ ಉಳಿಕೆಯನ್ನು ಬಳಸಬೇಕಾಗಿತ್ತು. ಆಮೇಲೆ ಬಂದ ಮೀಟರು ಸಹ ಕೆಲವು ವರ್ಷ ತಂತಿಹಗ್ಗದಿಂದಲೇ ನಡೆಯುತ್ತಿತ್ತು. ಅದಕ್ಕೆ ವಿದ್ಯುತ್ ತಂತಿ ಹುಡುಕಿ ಬೇಸತ್ತವರನ್ನು ನಾವು ಕಂಡಿದ್ದೇವೆ.

ಇಂಗ್ಲಿಷ್ ಕಾರುಗಳ ದುಂಡು ಮೀಟರುಗಳನ್ನು ಹಿಂದಿನಿಂದ ಸೇತುವೆಯಂಥ ಪಟ್ಟಿಯೊಂದು ಹಿಡಿದಿರುತ್ತದೆ, ಅದಕ್ಕೆ ಗೀರು ನಟ್ಟುಗಳು. ಬಿಚ್ಚುವಾಗ ಮುಂದಿನಿಂದ ಒಬ್ಬರು ಮೀಟರನ್ನು ಅಂಗೈಯಲ್ಲಿ ಆತುಕೊಂಡಿರಬೇಕು. ಈ ಕೆಲಸಕ್ಕೆ ಮನೆಯ ಮಕ್ಕಳ ಸಣ್ಣ ಕೈಗಳು ಹೇಳಿ ಮಾಡಿಸಿದಂತಿವೆ. ಆದರೆ ಮಕ್ಕಳನ್ನು ಕರೆಯುವ ಮುನ್ನ ಕೆಳಗಿನದನ್ನು ಓದಬೇಕು.

ಕತ್ತಲಲ್ಲಿ ಹೊಳೆಯುತ್ತಿದ್ದ ಅಂಕಿಗಳು

ನಮ್ಮಲ್ಲಿ ಬಸ್ಸು ಲಾರಿಗಳ ಹಿಂದೆ ಅಂಟಿಸುವ ಹೊಳೆಯುವ ಹಾಳೆಯನ್ನು ‘ರೇಡಿಯಂ’ ಎನ್ನುತ್ತಾರೆ. ಅದರಲ್ಲಿ ರೇಡಿಯಮ್ಮಿನ ಅಂಶವೂ ಇಲ್ಲ, ಬಿದ್ದ ಬೆಳಕನ್ನು ಹಿಂದಿರುಗಿಸುವುದಷ್ಟೇ ಅದರ ಗುಣ. ಆದರೆ ಎರಡನೆಯ ಮಹಾಯುದ್ಧದ ಸೇನಾವಾಹನಗಳ ಹಾಗೂ ಅದಕ್ಕೂ ಹಿಂದಿನ ಕೆಲವು ಕಾರುಗಳ ಮೀಟರು, ಗಡಿಯಾರಗಳ ಅಂಕಿಗಳಿಗೆ ನಿಜವಾದ ರೇಡಿಯಮ್ ಬೆರೆಸಿದ ಬಣ್ಣ ಬಳಿಯುತ್ತಿದ್ದರು. 1898 ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ಈ ಧಾತು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಮೆರಿಕೆಯ ನ್ಯೂಜೆರ್ಸಿಯಲ್ಲಿ ಗಡಿಯಾರದ ಅಂಕಿ ಬರೆಯುತ್ತಿದ್ದ ತರುಣಿಯರು ಕುಂಚವನ್ನು ತುಟಿಗಳಲ್ಲಿ ಚೂಪು ಮಾಡಿಕೊಳ್ಳುತ್ತಿದ್ದುದರಿಂದ ದವಡೆಯ ಎಲುಬು ಕೊಳೆತು ಸತ್ತದ್ದೂ, ಬದುಕಿದ್ದ ಐವರು ಹೂಡಿದ ದಾವೆ 1928 ರಲ್ಲಿ ರಾಜಿಯಾದದ್ದೂ ಈಗ ಎಲ್ಲರಿಗೂ ತಿಳಿದ ಇತಿಹಾಸ.

ಯುದ್ಧ ಮುಗಿದ ಬಳಿಕ ಹರಾಜಾದ ಜೀಪುಗಳು ನಮ್ಮ ದೇಶದಲ್ಲಿ ಬೇಕಾದಷ್ಟು ಹರಡಿದವು. ಅವುಗಳ ಮೀಟರುಗಳು ಬೇರೆ ವಾಹನಗಳಿಗೂ ಹೋಗಿವೆ. ಇಂದು ಅವು ಕತ್ತಲಲ್ಲಿ ಹೊಳೆಯುವುದಿಲ್ಲ. ಹೊಳೆಯುತ್ತಿದ್ದ ಗಂಧಕದ ಸತುವು ಸೋತುಹೋಗಿದೆ, ರೇಡಿಯಮ್ ಸೋತಿಲ್ಲ. ಹೊಳಪಿಲ್ಲವೆಂದ ಮಾತ್ರಕ್ಕೆ ನಿರ್ಭಯವೆಂದು ಭಾವಿಸಬಾರದು. ಗಾಜಿನ ಒಳಗೆ ಮುಚ್ಚಿದಂತೆ ಇರುವಾಗ ಅದರಿಂದ ಹಾನಿ ಅಲ್ಪ. ಗಾಜು ತೆಗೆದು, ಹಳದಿಯಾಗಿ ಅಥವಾ ಕಂದಾಗಿ ಉಬ್ಬಿದ ಆ ಅಂಕಿಗಳನ್ನು ಕೆರೆದು, ಎದ್ದ ಧೂಳನ್ನು ಉಸಿರಿನಲ್ಲಿ ಎಳೆದುಕೊಂಡರೆ ಅದು ಎಲುಬಿನಲ್ಲಿ ನೆಲೆಸುತ್ತದೆ. ಆದುದರಿಂದ ಯುದ್ಧಕಾಲದ ಅಥವಾ ಅದಕ್ಕೂ ಹಳೆಯದಾದ, ಅಂಕಿಗಳ ಮೇಲೆ ದಪ್ಪನೆಯ ಬಣ್ಣವುಳ್ಳ ಮೀಟರು ಕಂಡರೆ ಗಾಜು ಒಡೆಯದಂತೆ ಹೊರತೆಗೆದು, ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೈತೊಳೆದು, ವಿಕಿರಣ ಅಳೆಯುವ ಉಪಕರಣವಿದ್ದವರಿಗೆ ತೋರಿಸುವತನಕ ಮಕ್ಕಳಿಂದಲೂ ಅಡಿಗೆಮನೆಯಿಂದಲೂ ದೂರವಿಡಬೇಕು. ಗಾಜು ಮೊದಲೇ ಒಡೆದಿದ್ದರೆ ಒಣಬಟ್ಟೆಯಲ್ಲಿ ಒರೆಸದೆ, ಬಾಯಿಂದ ಊದದೆ, ಕೈಚೀಲ ತೊಟ್ಟು ಒದ್ದೆ ಬಟ್ಟೆಯನ್ನೇ ಬಳಸಬೇಕು. 1950 ರ ದಶಕದಿಂದೀಚಿನ ಸಾಮಾನ್ಯ ಕುಟುಂಬದ ಕಾರುಗಳಲ್ಲಿ ಅಂಕಿಗಳನ್ನು ಬೆಳಗಿಸುತ್ತಿದ್ದುದು ಬಲ್ಬು. ಅಂಬಾಸಿಡರ್, ಪದ್ಮಿನಿಗಳನ್ನು ಇಟ್ಟುಕೊಂಡವರು ಈ ವಿಷಯದಲ್ಲಿ ಗಾಬರಿಯಾಗುವ ಕಾರಣವಿಲ್ಲ.

ಮರಳಿ ಕೂಡಿಸುವಾಗ

ಹೊರತೆಗೆದ ಮೀಟರನ್ನು ದುರಸ್ತಿಗೆ ಕಳಿಸುವಾಗ ಮುಖ ಮೇಲೆ ಮಾಡಿ ಹತ್ತಿಯಲ್ಲಿ ಇಡಬೇಕು. ಜರ್ಮನ್ ಕಾರುಗಳದು ಹೆಚ್ಚಾಗಿ ವಿ. ಡಿ. ಓ., ಇಂಗ್ಲಿಷಿನವು ಸ್ಮಿತ್ಸ್, ಇಟಲಿಯವು ವೆಗ್ಲಿಯಾ ಕಂಪನಿಯವು. ಹೆಸರು ಮುಖದ ಮೇಲೆಯೇ ಇರುತ್ತದೆ. ಹಿಂಬದಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅವಶ್ಯ. ದುರಸ್ತಿಗೆ ಹೋದ ಅಸಲು ಮೀಟರು ಬದಲಾಗಿ ಅಂಥದೇ ಸಾಧಾರಣ ಮೀಟರು ಹಿಂದಿರುಗಿ ಬಂದ ದೂರುಗಳನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕೇಳಿದ್ದೇವೆ. ಅಸಲಿನ ಬೆಲೆ ಈಗ ಅಷ್ಟಿದೆ. 2021 ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಿಲ್ಲದೆ ಮೂಲರೂಪದಲ್ಲಿರುವ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಿ, ವಿ. ಎ. ಅಕ್ಷರಗಳುಳ್ಳ ಫಲಕ ಪಡೆಯಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಂಥ ವಾಹನವನ್ನು ಬಳಸುವಂತಿಲ್ಲ. ಓಡಿದ ಮೈಲಿ ಅಥವಾ ಕಿಲೋಮೀಟರಿನ ಅಂಕಿಗಳನ್ನು ಬಿಚ್ಚಿದ ನೆಪದಲ್ಲಿ ತಿರುಗಿಸುವುದು ಕೊಳ್ಳುವವನಿಗೆ ಮಾಡುವ ವಂಚನೆಯೆಂದು ಬೇರೆ ಹೇಳಬೇಕಾಗಿಲ್ಲ. ಬಿಚ್ಚುವ ಮುನ್ನ ಆ ಅಂಕಿಯ ಚಿತ್ರವನ್ನು ದಿನಾಂಕದೊಡನೆ ತೆಗೆದಿಟ್ಟರೆ ಮುಂದೆ ಪ್ರಶ್ನೆ ಬಾರದು.

ಕೂಡಿಸುವಾಗ ಕಿಲುಬು ಹಿಡಿದ ತುದಿಗಳನ್ನು ಉಜ್ಜಿ ಹೊಳೆಯಿಸಿ, ಬಿರಿದ ತಂತಿಗಳನ್ನು ಬದಲಿಸಿ, ಸೇತುವೆ ಪಟ್ಟಿಯ ನಟ್ಟುಗಳನ್ನು ಬೆರಳಿನ ಬಿಗಿಗೆ ನಿಲ್ಲಿಸಬೇಕು. ಪಾನಾ ಹಚ್ಚಿದರೆ ಮೀಟರಿನ ಡಬ್ಬಿ ಸೊಟ್ಟಗಾಗಿ ಮುಳ್ಳು ಉಜ್ಜುತ್ತದೆ. ವೇಗದ ಕೇಬಲಿಗೆ ಗ್ರೀಸು ಸವರುವಾಗ ಮೀಟರಿನ ಕಡೆಯ ಗೇಣುದ್ದವನ್ನು ಒಣಗಿಯೇ ಬಿಡಬೇಕು. ಇಲ್ಲವಾದರೆ ತಿರುಗುವ ಕೇಬಲು ಗ್ರೀಸನ್ನು ಮೇಲಕ್ಕೇರಿಸಿ ಮೀಟರಿನೊಳಗೆ ತುಂಬುತ್ತದೆ. ಪೆಟ್ರೋಲು, ಶಾಖಗಳ ಮೀಟರುಗಳನ್ನು ‘ಪರೀಕ್ಷೆ’ಗೆಂದು ಬ್ಯಾಟರಿಗೆ ನೇರವಾಗಿ ಹಚ್ಚಿದರೆ ಒಳಗಿನ ಸುರುಳಿ ಸುಡುತ್ತದೆ.

ಕೊನೆಗೆ ಬ್ಯಾಟರಿ. ಇಲ್ಲಿ ಗದಗಿನ ಮೇಸ್ತ್ರಿ ತೋರಿಸಿದ ಉಪಾಯ ನಮ್ಮ ಓದುಗರೆಲ್ಲರ ಕೈಗೂ ಎಟಕುವಂಥದು. ಅರ್ತಿಂಗ್ ಪಟ್ಟಿಯನ್ನು ಒಮ್ಮೆಲೇ ಕೂಡಿಸದೆ, ಬ್ಯಾಟರಿಯ ಧ್ರುವಕ್ಕೂ ಆ ಪಟ್ಟಿಗೂ ನಡುವೆ ಕಾರಿನದೇ ಒಂದು ಬಲ್ಬನ್ನು ಎರಡು ತಂತಿಗಳಿಂದ ಹಿಡಿಯುವುದು. ಕೀಲಿಕೈ ತೆಗೆದಿರಬೇಕು, ದೀಪಗಳೆಲ್ಲ ಆರಿರಬೇಕು, ಬಾಗಿಲು ಮುಚ್ಚಿರಬೇಕು, ವಿದ್ಯುತ್ ಗಡಿಯಾರವಿದ್ದರೆ ಅದರ ತಂತಿ ಬಿಡಿಸಿರಬೇಕು. ಬಲ್ಬು ಹೊತ್ತದಿದ್ದರೆ ಎಲ್ಲವೂ ಸರಿ. “ಭರ್ತಿ ಹತ್ತಿತಂದ್ರ ಒಳಗ ಎಲ್ಲೋ ತಂತಿ ಕೂಡೇತಿ ಅಂತ ತಿಳೀರಿ. ಹುಡಿಕ್ಯಾಡ್ರಿ. ಬಲ್ಬ್ ಇದ್ದಾಗ ಹುಡುಕೂದು ಸಸಾರ, ಬಲ್ಬ್ ತಗದು ಪಟ್ಟಿ ಹಚ್ಚಿದಿರಂದ್ರ ಹೊಗೀನ ತೋರಸ್ತೈತ್ರಿ ಎಲ್ಲೈತಿ ಅಂತ” ಎಂದರವರು, ಕೈಯೊರೆಸಿಕೊಳ್ಳುತ್ತ. ನಡುವೆ ಬಲ್ಬು ಇರುವಾಗ ಅದು ಎಷ್ಟು ವಿದ್ಯುತ್ತನ್ನು ಬಿಡುತ್ತದೆಯೋ ಅದಕ್ಕಿಂತ ಹೆಚ್ಚು ಹರಿಯಲಾರದು; ಆದ್ದರಿಂದ ತಂತಿ ಸುಡುವುದಿಲ್ಲ. ಬಲ್ಬು ಕಾರಿನ ವೋಲ್ಟಿಗೆ ಹೊಂದುವಂಥದಿರಬೇಕು: ಹಳೆಯ ಬೀಟಲ್, ಯುದ್ಧಕಾಲದ ಜೀಪುಗಳಿಗೆ 6, ಹೆಚ್ಚಿನ ಉಳಿದವಕ್ಕೆ 12.